ಒಂದೇ ಬಟ್ಟೆ, ಎರಡು ಆದೇಶ: ಸ್ಯಾನ್ ಫ್ರಾನ್ಸಿಸ್ಕೊ ಮಾಸ್ಕ್ ಪ್ರಕರಣ, 1918–19

1918ರ ಕೊನೆಯ ತಿಂಗಳುಗಳಲ್ಲಿ, ಇನ್‌ಫ್ಲುಯೆಂಜಾ ಜ್ವರ ಹಬ್ಬಿದ್ದಾಗ, ಅಮೆರಿಕದ ಪತ್ರಿಕೆಗಳು ಮನೆಯಲ್ಲೇ ಮಾಸ್ಕ್ ಮಾಡಿಕೊಳ್ಳುವ ಬಗೆಯನ್ನು ಚಿತ್ರಸಮೇತ ಅಚ್ಚು ಹಾಕಿದವು. 8 ಇಂಚು ಅಗಲ, 16 ಇಂಚು ಉದ್ದದ ಜಾಳು ಬಟ್ಟೆ ಬೇಕು, ಶ್ರೀಖಂಡಕ್ಕೆ ಮೊಸರು ಕಟ್ಟುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದು. ಅರ್ಧಕ್ಕೆ ಮಡಚಿದರೆ 8 ಇಂಚಿನ ಚೌಕ. ಇನ್ನೊಮ್ಮೆ ಮಡಚಿದರೆ 8 ಇಂಚು ಅಗಲ, 4 ಇಂಚು ಎತ್ತರದ ಪಟ್ಟಿ. ನಾಲ್ಕು ಮೂಲೆಗೂ ಸುಮಾರು 10 ಇಂಚಿನ ದಾರ ಹಾಕಿ ತಲೆಯ ಹಿಂದೆ ಕಟ್ಟಿಕೊಂಡರೆ ಮುಗಿಯಿತು. ಎರಡು ಮಡಿಕೆ, ನಾಲ್ಕು ಪದರ. ಮೂಗಿನ ಮೇಲೆ ಕೂರಿಸಲು ತಂತಿಯಿಲ್ಲ, ಕೆನ್ನೆಗೆ ಅಂಟಿಕೊಳ್ಳಲು ನೆರಿಗೆಯಿಲ್ಲ.

ಈ ಪಟ್ಟಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರ ನಾಲ್ಕು ತಿಂಗಳೊಳಗೆ ಎರಡು ಬಾರಿ ಕಡ್ಡಾಯ ಮಾಡಿತು. ಅಕ್ಟೋಬರಿನಲ್ಲಿ ಜನ ಸರದಿಯಲ್ಲಿ ನಿಂತು ದುಡ್ಡು ಕೊಟ್ಟು ಕೊಂಡರು. ಜನವರಿಯಲ್ಲಿ ಅದೇ ಊರಿನ ಜನ ಸಾವಿರಗಟ್ಟಲೆ ಸೇರಿ ಅದರ ವಿರುದ್ಧ ಸಂಘ ಕಟ್ಟಿದರು. ಬಟ್ಟೆ ಅದೇ, ರೋಗ ಅದೇ, ಮೇಯರ್, ಆರೋಗ್ಯಾಧಿಕಾರಿ ಕೂಡ ಅವರೇ. ಆ ಮೂರು ತಿಂಗಳಲ್ಲಿ ಏನು ಕೆಟ್ಟಿತು ಎಂಬುದು ಈ ಪ್ರಕರಣದ ಪ್ರಶ್ನೆ. ಜನ ಏಕಾಏಕಿ ದಡ್ಡರಾದರು, ಸ್ವಾರ್ಥಿಗಳಾದರು ಎನ್ನುವ ಉತ್ತರ ಸುಲಭವಾಗಿ ಸಿಗುತ್ತದೆ. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ.

ಮೊದಲ ಆದೇಶ

ಆಗ ನಗರದ ಜನಸಂಖ್ಯೆ ಸುಮಾರು 5 ಲಕ್ಷ. ಮೇಯರ್ ಜೇಮ್ಸ್ ರಾಲ್ಫ್, ಜನಪ್ರಿಯ ಮನುಷ್ಯ, ‘ಸನ್ನಿ ಜಿಮ್’ ಎಂದೇ ಕರೆಯುತ್ತಿದ್ದರು. ಆರೋಗ್ಯಾಧಿಕಾರಿ ಡಾ. ವಿಲಿಯಂ ಹ್ಯಾಸ್ಲರ್. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಶಿಕಾಗೋದಿಂದ ಬಂದ ಒಬ್ಬರಲ್ಲಿ ನಗರದ ಮೊದಲ ಇನ್‌ಫ್ಲುಯೆಂಜಾ ಪ್ರಕರಣ ಕಂಡಿತು. ಅಕ್ಟೋಬರ್ 9ಕ್ಕೆ ಪತ್ತೆಯಾದವರು 169 ಮಂದಿ. ಇನ್ನೊಂದು ವಾರದಲ್ಲಿ ಆ ಸಂಖ್ಯೆ 2,000 ದಾಟಿತು. ಅಕ್ಟೋಬರ್ 18ರಿಂದ ಶಾಲೆ, ನಾಟಕಶಾಲೆ, ಸಿನಿಮಾ, ನೃತ್ಯಶಾಲೆಗಳು ಮುಚ್ಚಿದವು.

ಮಾಸ್ಕ್ ಒಂದೇ ಏಟಿಗೆ ಎಲ್ಲರ ಮುಖಕ್ಕೆ ಬರಲಿಲ್ಲ. ಹ್ಯಾಸ್ಲರ್ ಮೊದಲು ಕ್ಷೌರಿಕರಿಗೆ ಹೇಳಿದರು. ಗಿರಾಕಿಯ ಮುಖದಿಂದ ಗೇಣು ದೂರದಲ್ಲಿ ಉಸಿರಾಡುವವರು ಅವರೇ ತಾನೆ. ಆಮೇಲೆ ಹೋಟೆಲ್ ಸಿಬ್ಬಂದಿ, ಬ್ಯಾಂಕಿನ ಕೌಂಟರಿನವರು, ಔಷಧಿ ಅಂಗಡಿಯವರು, ಇತರ ಅಂಗಡಿ ಗುಮಾಸ್ತರು. ಜನರೊಡನೆ ಹತ್ತಿರದಿಂದ ವ್ಯವಹರಿಸುವವರಿಂದ ಶುರುಮಾಡಿ ಹೊರಕ್ಕೆ ಹಬ್ಬಿಸುವ ಈ ಕ್ರಮ ಸರಿಯಾಗಿತ್ತು. ಆದರೆ ಒಂದು ವಾರವೂ ಆಗುವ ಮೊದಲೇ ಅದನ್ನು ಬಿಟ್ಟು ಇಡೀ ಊರಿಗೆ ಒಂದೇ ಕಾನೂನು ತಂದರು.

ಅಕ್ಟೋಬರ್ 22ರಂದು ಪತ್ರಿಕೆಗಳಲ್ಲಿ ಪೂರ್ಣಪುಟದ ಪ್ರಕಟಣೆ ಬಂತು: ಮಾಸ್ಕ್ ಹಾಕಿ, ಜೀವ ಉಳಿಸಿಕೊಳ್ಳಿ. ಅದರಲ್ಲಿ ಮೇಯರ್, ಆರೋಗ್ಯ ಮಂಡಳಿ, ರೆಡ್ ಕ್ರಾಸ್ ಜೊತೆಗೆ ವಾಣಿಜ್ಯ ಮಂಡಳಿ, ಕಾರ್ಮಿಕ ಸಂಘಟನೆಗಳ ಹೆಸರೂ ಇತ್ತು. ಧಣಿ ಮತ್ತು ಕೂಲಿ ಇಬ್ಬರೂ ಒಂದೇ ಹಾಳೆಗೆ ಸಹಿ ಹಾಕುವುದು ಆ ಊರಿನಲ್ಲಿ ದಿನನಿತ್ಯದ ಸಂಗತಿಯಾಗಿರಲಿಲ್ಲ. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು: ಗಾಜ್ ಎಂಬ ಜಾಳು ಬಟ್ಟೆಯ ಮಾಸ್ಕ್ ಇನ್‌ಫ್ಲುಯೆಂಜಾ ವಿರುದ್ಧ ಶೇ. 99 ರಕ್ಷಣೆ ಕೊಡುತ್ತದೆ. ಈ ‘99’ ಎಂಬ ಅಂಕಿಗೆ ಯಾವ ಪ್ರಯೋಗದ ಆಧಾರವೂ ಇರಲಿಲ್ಲ. ಈ ಪ್ರಕರಣದಲ್ಲಿ ಮುಂದೆ ಕೆಟ್ಟದ್ದರಲ್ಲಿ ಅರ್ಧದಷ್ಟು ಈ ಒಂದು ಸಾಲಿನಿಂದ ಹುಟ್ಟಿತು ಎಂದರೆ ತಪ್ಪಾಗದು.

ಆ ಹೊತ್ತಿಗೆ ಕೆಲಸವೇನೋ ನಡೆಯಿತು. ರೆಡ್ ಕ್ರಾಸ್ ಕಚೇರಿಯಲ್ಲಿ ಬೆಳಿಗ್ಗೆ 11 ಗಂಟೆಗೆ ಮಾರಾಟಕ್ಕಿಟ್ಟ 5,000 ಮಾಸ್ಕ್ ಮಧ್ಯಾಹ್ನ 12ಕ್ಕೆ ಖಾಲಿ. ಮರುದಿನ ಮಧ್ಯಾಹ್ನಕ್ಕೆ 40,000, ಅಕ್ಟೋಬರ್ 26ರ ಹೊತ್ತಿಗೆ 1 ಲಕ್ಷ ಮಾಸ್ಕ್ ಜನರ ಕೈಸೇರಿದ್ದವು. ಬೆಲೆ 10 ಸೆಂಟ್. ಕೊಲ್ಲಿಯ ಆಚೆಯಿಂದ ದೋಣಿಯಲ್ಲಿ ಕೆಲಸಕ್ಕೆ ಬರುವವರು ಇಳಿಯುತ್ತಿದ್ದ ಫೆರ್ರಿ ಬಿಲ್ಡಿಂಗಿನಲ್ಲೇ ಮಾರಾಟದ ಕಟ್ಟೆ ಹಾಕಿದ್ದರು.

ನಮ್ಮ ಪಾಲಿಕೆ ಸಭೆಗೆ ಹೋಲಿಸಬಹುದಾದ ಮೇಲ್ವಿಚಾರಕರ ಮಂಡಳಿ ಅಕ್ಟೋಬರ್ 24ರಂದು ಒಮ್ಮತದಿಂದ ಕಾನೂನು ಮಾಡಿತು. ಅದರ ಒಕ್ಕಣೆಯನ್ನು ನಿಧಾನವಾಗಿ ಓದಬೇಕು. ಬೀದಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ಇಬ್ಬರು ಅಥವಾ ಹೆಚ್ಚು ಜನ ಸೇರುವ ಯಾವುದೇ ಜಾಗದಲ್ಲಿ ಮೂಗುಬಾಯಿ ಮುಚ್ಚಬೇಕು. ಆಹಾರ, ಉಡುಪು ಮಾರುವವರು ಮುಟ್ಟುವವರೆಲ್ಲ ಹಾಕಲೇಬೇಕು. ಬಟ್ಟೆ ನಾಲ್ಕು ಪದರದ ಬಟರ್ ಕ್ಲಾತ್ (ತೆಳು ಹತ್ತಿ ಬಟ್ಟೆ) ಅಥವಾ ಸಣ್ಣ ಕಣ್ಣಿನ ಗಾಜ್ ಆಗಿರಬೇಕು. ವಿನಾಯಿತಿ ಎರಡೇ: ಊಟ ಮಾಡುವಾಗ, ಮತ್ತು ಕುಟುಂಬದ ಇಬ್ಬರೇ ಇರುವ ಮನೆಯಲ್ಲಿ. ತಪ್ಪಿದರೆ 5ರಿಂದ 100 ಡಾಲರ್ ದಂಡ, ಅಥವಾ 10 ದಿನ ಜೈಲು, ಅಥವಾ ಎರಡೂ.

ರೋಗ ಹರಡುವ ದಾರಿಗಳ ಪಕ್ಕದಲ್ಲಿ ಈ ಒಕ್ಕಣೆಯನ್ನು ಇಟ್ಟು ನೋಡಿ. ಗಾಳಿಯಾಡುವ ಬೀದಿಯಲ್ಲಿ ಒಬ್ಬನೇ ನಡೆದು ಹೋಗುವವನು ಅಪರಾಧಿ. ಗಾಳಿಯಿಲ್ಲದ ಹೋಟೆಲಿನಲ್ಲಿ ಒಂದು ಗಂಟೆ ಎದುರುಬದುರು ಕೂತು ಹರಟುತ್ತ ಉಣ್ಣುವವರು ನಿರಪರಾಧಿಗಳು. ರೋಗಿಯ ಪಕ್ಕದಲ್ಲೇ ಇರುವ ಹೆಂಡತಿಗೆ, ಮನೆಯಲ್ಲಿ ಇಬ್ಬರೇ ಇದ್ದರೆ, ಕಾನೂನಿನ ಗೊಡವೆಯೇ ಇಲ್ಲ. ಕಾನೂನು ಪೊಲೀಸರ ಕಣ್ಣಿಗೆ ಬೀಳುವ ಜಾಗವನ್ನು ಹಿಡಿದುಕೊಂಡಿತು, ರೋಗ ಹೆಚ್ಚು ಹರಡುವ ಜಾಗವನ್ನು ಕೈಬಿಟ್ಟಿತು. ಕಾನೂನಾಗಿ ಜಾರಿಮಾಡಬಲ್ಲದ್ದನ್ನಷ್ಟೇ ಬರೆದಿದ್ದರು ಎನ್ನಬಹುದು. ಆದರೆ ಜನರಿಗೆ ಹೇಳಿದ್ದು ಹಾಗಲ್ಲ, ಇದು ಶೇ. 99 ರಕ್ಷಣೆ ಎಂದು.

ಬೀದಿಯಲ್ಲಿ ಏನಾಯಿತು

ಬಹುಪಾಲು ಜನ ಹಾಕಿಕೊಂಡರು. ಹೇಗೆ ಹಾಕಿಕೊಂಡರು ಎಂಬುದು ಬೇರೆ ಮಾತು. ಆಸ್ಪತ್ರೆಯ ಮಾಸ್ಕಿನಂಥವು ಇದ್ದವು, ಕುದುರೆಯ ಮುಸುಡಿಗೆ ಕಟ್ಟುವ ಹುರುಳಿ ಚೀಲದಂಥವು ಇದ್ದವು, ಮುಂದಕ್ಕೆ ಚಾಚಿದ ಮೂತಿಯಂಥವೂ ಇದ್ದವು. ಹೆಂಗಸರಲ್ಲಿ ಕೆಲವರು ತುರ್ಕಿಯ ಮುಸುಕಿನಂತೆ ತೆಳು ಬಟ್ಟೆಯನ್ನು ಮೂಗಿನಿಂದ ಇಳಿಬಿಟ್ಟರು. ನೋಡಲು ಚೆಂದ, ಕೆಳಗಿನಿಂದ ಪೂರಾ ತೆರೆದಿರುತ್ತಿತ್ತು. ಸೇದುವವರು ಮಾಸ್ಕ್ ಎತ್ತಿ ಚುಟ್ಟಾ ಸೇದಿದರು.

ಜನ ಇಷ್ಟು ಬೇಗ ಒಪ್ಪಿದ್ದಕ್ಕೆ ರೋಗದ ಭಯ ಒಂದು ಕಾರಣ. ಅದಕ್ಕಿಂತ ದೊಡ್ಡದು ಯುದ್ಧ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮನೆಮನೆಯ ಹುಡುಗರು ಫ್ರಾನ್ಸಿನಲ್ಲಿದ್ದರು, ಯುದ್ಧಸಾಲದ ಬಾಂಡು ಕೊಳ್ಳದವನನ್ನು ನೆರೆಯವರು ಓರೆಗಣ್ಣಲ್ಲಿ ನೋಡುತ್ತಿದ್ದ ಕಾಲ. ಸೈನ್ಯಕ್ಕೆ ಸೇರದೆ ನುಣುಚಿಕೊಳ್ಳುವವನಿಗೆ ‘ಸ್ಲ್ಯಾಕರ್’ ಎಂಬ ಬೈಗುಳ ಇತ್ತು. ಮಾಸ್ಕ್ ಹಾಕದವನು ಅಪಾಯಕಾರಿ ಸ್ಲ್ಯಾಕರ್ ಎಂದು ರೆಡ್ ಕ್ರಾಸ್ ಪ್ರಚಾರ ಮಾಡಿತು, ‘ಮಾಸ್ಕ್ ಸ್ಲ್ಯಾಕರ್’ ಎಂಬ ಮಾತು ಪತ್ರಿಕೆಗಳಿಗೆ ಹತ್ತಿತು. ಹೀಗೆ ಮಾಸ್ಕ್ ಒಂದು ಬಗೆಯ ಸಮವಸ್ತ್ರವಾಯಿತು. ಮುಖದ ಮೇಲೆ ಬಟ್ಟೆ ಇಲ್ಲದಿದ್ದರೆ ದೇಶನಿಷ್ಠೆಯೂ ಇಲ್ಲ ಎಂದು ಲೆಕ್ಕ. ಈ ಒತ್ತಡ ದಂಡಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಆದರೆ ಯುದ್ಧ ಇರುವಷ್ಟೇ ದಿನ ಅದಕ್ಕೆ ಆಯುಸ್ಸು.

ಒಪ್ಪದವರಿಗೆ ಪೊಲೀಸರಿದ್ದರು. ಅಕ್ಟೋಬರ್ 27ರ ಒಂದೇ ದಿನ 110 ಮಂದಿಯನ್ನು ಹಿಡಿದರು. ಆರೋಪ ‘ಶಾಂತಿಭಂಗ’. ಹೆಚ್ಚಿನವರಿಗೆ 5 ಡಾಲರ್ ದಂಡ, ಆ ಹಣ ರೆಡ್ ಕ್ರಾಸಿಗೆ. ಕೆಲವರಿಗೆ ಸಣ್ಣ ಅವಧಿಯ ಜೈಲು. ದಿನೇದಿನೇ ಹಿಡಿದು ತಂದವರಿಂದ ನಗರದ ಜೈಲು ಕಿಕ್ಕಿರಿಯಿತು. ಸಾಂಕ್ರಾಮಿಕ ತಡೆಯಲು ಮಾಸ್ಕ್ ಹಾಕದವರನ್ನು ಹಿಡಿದು ಒಂದೇ ಕೋಣೆಯಲ್ಲಿ ತುಂಬುವುದು! ಇದರ ವಿಡಂಬನೆ ಆಗಿನವರಿಗೂ ಕಾಣದೆ ಇರಲಾರದು.

ಅಕ್ಟೋಬರ್ 28ರಂದು ಪೊವೆಲ್ ಮತ್ತು ಮಾರ್ಕೆಟ್ ಬೀದಿ ಕೂಡುವಲ್ಲಿ, ಔಷಧಿ ಅಂಗಡಿಯ ಮುಂದೆ, ಕುದುರೆಗೆ ಲಾಳ ಕಟ್ಟುವವನೊಬ್ಬ ಮಾಸ್ಕ್ ಕಿತ್ತೆಸೆಯಿರಿ ಎಂದು ನೆರೆದವರಿಗೆ ಭಾಷಣ ಮಾಡುತ್ತಿದ್ದ. ಆರೋಗ್ಯ ಮಂಡಳಿಯ ವಿಶೇಷ ಅಧಿಕಾರಿ ಅವನಿಗೆ ಮಾಸ್ಕ್ ಹಾಕಿಕೋ ಎಂದ. ಮಾತಿಗೆ ಮಾತು ಬೆಳೆಯಿತು, ಲಾಳದವನು ಬೆಳ್ಳಿ ಡಾಲರ್ ತುಂಬಿದ ಚೀಲದಿಂದ ಬಡಿದ, ಅಧಿಕಾರಿ ಪಿಸ್ತೂಲು ಹಾರಿಸಿದ. ಲಾಳದವನಿಗೂ ನೋಡುತ್ತ ನಿಂತವರಿಗೂ ಗಾಯವಾಯಿತು. ಕಾನೂನು ಬಂದು ಒಂದು ವಾರವೂ ಆಗಿರಲಿಲ್ಲ. ಇದೊಂದು ಘಟನೆಯಿಂದ ಇಡೀ ಊರು ಹೀಗಿತ್ತು ಎಂದುಕೊಳ್ಳಬಾರದು. ಆದರೆ ಆರೋಗ್ಯದ ಸೂಚನೆ ಪಿಸ್ತೂಲು ಇಟ್ಟುಕೊಂಡವನ ಬಾಯಿಂದ ಬರತೊಡಗಿದಾಗ ಅದನ್ನು ಕೇಳಿಸಿಕೊಳ್ಳುವ ಬಗೆಯೇ ಬದಲಾಗುತ್ತದೆ.

ನವೆಂಬರ್ 11ರಂದು ಯುದ್ಧವಿರಾಮ. ಸಾವಿರಾರು ಜನ ಬೀದಿಗಿಳಿದು ಕುಣಿದರು, ಮಾಸ್ಕ್ ಹಾಕಿಕೊಂಡೇ. ಸಮವಸ್ತ್ರ ಇನ್ನೂ ಮೈಮೇಲಿತ್ತು, ಯುದ್ಧ ಮಾತ್ರ ಮುಗಿದಿತ್ತು.

ಅದೇ ತಿಂಗಳ ಮಧ್ಯದಲ್ಲಿ ಒಂದು ಮುಷ್ಟಿಯುದ್ಧದ ಪಂದ್ಯ ನಡೆಯಿತು. ಅಲ್ಲಿ ತೆಗೆದ ಫೋಟೊದಲ್ಲಿ ಊರ ಗಣ್ಯರು ಮಾಸ್ಕ್ ಇಲ್ಲದೆ ಕೂತಿದ್ದರು. ಮೇಯರ್ ರಾಲ್ಫ್ ಇದ್ದರು, ಆರೋಗ್ಯಾಧಿಕಾರಿ ಹ್ಯಾಸ್ಲರ್ ಸ್ವತಃ ಇದ್ದರು. ಹ್ಯಾಸ್ಲರ್ 5 ಡಾಲರ್, ಮೇಯರ್ 50 ಡಾಲರ್ ದಂಡ ಕಟ್ಟಿದರು. ದಂಡ ಕಟ್ಟಿದ್ದು ಮೆಚ್ಚತಕ್ಕದ್ದೇ. ಆದರೂ ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಊರೆಲ್ಲ ಫೋಟೊ ಸಮೇತ ನೋಡಿತ್ತು.

ಸಿಳ್ಳೆ

ನವೆಂಬರ್ 21ರ ಮಧ್ಯಾಹ್ನ 12 ಗಂಟೆಗೆ ಸಿಳ್ಳೆ ಮೊಳಗಿಸಿ ಮಾಸ್ಕ್ ಆದೇಶ ಮುಗಿದದ್ದನ್ನು ಸಾರಿದರು. ಜನ ಮುಖದ ಬಟ್ಟೆ ಕಿತ್ತು ಗಾಳಿಗೆ ತೂರಿದರು, ಕಾಲಲ್ಲಿ ಹೊಸಕಿದರು. ಪಾದಚಾರಿ ದಾರಿಯ ತುಂಬ ಗಾಜ್ ಬಟ್ಟೆ. ನಾಟಕಶಾಲೆಗಳು ಅಷ್ಟರಲ್ಲೇ ತೆರೆದಿದ್ದವು, ಶಾಲೆಗಳು 25ಕ್ಕೆ ತೆರೆದವು. ರೋಗ ಗೆದ್ದೆವು, ಗೆಲ್ಲಿಸಿದ್ದು ಮಾಸ್ಕ್ ಎಂಬುದು ಅಧಿಕಾರಿಗಳ ಮಾತು.

ಇಲ್ಲಿ ಎರಡು ತಪ್ಪು ಒಟ್ಟಿಗೆ ಆದವು. ಒಂದು, ಮುಕ್ತಾಯವನ್ನು ಹಬ್ಬ ಮಾಡಿದ್ದು. ಹಬ್ಬ ಮಾಡಿ ಮುಗಿಸಿದ್ದನ್ನು ಎರಡೇ ವಾರಕ್ಕೆ ಮತ್ತೆ ಶುರುಮಾಡಿ ಎಂದರೆ ಯಾರೂ ಕೇಳರು. ಎರಡು, ಇಳಿಕೆಯ ಕೀರ್ತಿಯನ್ನೆಲ್ಲ ಮಾಸ್ಕಿಗೆ ಕೊಟ್ಟದ್ದು. ಮಾಸ್ಕ್ ಕಡ್ಡಾಯ ಮಾಡದ ಊರುಗಳಲ್ಲೂ ಅಲೆ ಏರಿ ಇಳಿದಿತ್ತು. ಕೀರ್ತಿ ಪೂರ್ತಿ ಮಾಸ್ಕಿನದಾದರೆ, ರೋಗ ಮರಳಿ ಬಂದಾಗ ಅಪಕೀರ್ತಿಯೂ ಪೂರ್ತಿ ಅದರದೇ.

ರೋಗ ಮರಳಿತು. ಡಿಸೆಂಬರ್ 7ಕ್ಕೆ ಹ್ಯಾಸ್ಲರ್ ಮತ್ತೆ ಮಾಸ್ಕ್ ಬೇಕೆಂದರು, ಮೇಯರ್ ಸ್ವಇಚ್ಛೆಯಿಂದ ಹಾಕಿಕೊಳ್ಳಿ ಎಂದು ಕೇಳಿಕೊಂಡರು. ಹತ್ತರಲ್ಲಿ ಒಂಬತ್ತು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ವಾರದ ಹಿಂದೆ ಸರದಿಯಲ್ಲಿ ನಿಂತವರು ಇವರೇ. ಕ್ರಿಸ್‌ಮಸ್ ವ್ಯಾಪಾರ ಎದುರಿಗಿತ್ತು, ಮುಖ ಮುಚ್ಚಿಸಿದರೆ ಗಿರಾಕಿ ಬರುವುದಿಲ್ಲ ಎಂದು ವರ್ತಕರು ವಿರೋಧಿಸಿದರು. ಅಕ್ಟೋಬರಿನ ಪ್ರಕಟಣೆಯಲ್ಲಿ ಹೆಸರು ಹಾಕಿದ್ದ ವ್ಯಾಪಾರಿ ವಲಯ ಈಗ ಎದುರು ಪಾಳೆಯದಲ್ಲಿತ್ತು. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆ ಎಂದು ನಂಬುವ ಕ್ರಿಶ್ಚಿಯನ್ ಸೈನ್ಸ್ ಪಂಥದವರು ಧಾರ್ಮಿಕ ಸ್ವಾತಂತ್ರ್ಯದ ಮಾತೆತ್ತಿದರು. ಆ ತಿಂಗಳ ಮಧ್ಯದಲ್ಲಿ ಹ್ಯಾಸ್ಲರ್ ಹೆಸರಿಗೆ ಸಿಡಿಮದ್ದು ತುಂಬಿದ ಪಾರ್ಸೆಲ್ ಬಂತು. ಡಿಸೆಂಬರ್ 19ರಂದು ಮೇಲ್ವಿಚಾರಕರು 9–7 ಮತಗಳಿಂದ ಮಾಸ್ಕ್ ಪ್ರಸ್ತಾವ ತಿರಸ್ಕರಿಸಿದರು. ಆರೋಗ್ಯಕ್ಕಿಂತ ಡಾಲರ್ ಮೇಲಾಯಿತು ಎಂದು ಹ್ಯಾಸ್ಲರ್ ಬೇಸರಪಟ್ಟರು. ಅವರ ಬೇಸರ ಅರ್ಥವಾಗುತ್ತದೆ. ಆದರೆ ಅಂಗಡಿಗೆ ಹೋಗದವರೂ ಮಾಸ್ಕ್ ಹಾಕಲಿಲ್ಲವಲ್ಲ, ಅದನ್ನು ಡಾಲರ್ ವಿವರಿಸುವುದಿಲ್ಲ.

ಎರಡನೆಯ ಆದೇಶ ಮತ್ತು ಸಂಘ

1919ರ ಜನವರಿ 10ರಂದು ಒಂದೇ ದಿನ 600 ಹೊಸ ಪ್ರಕರಣ ದಾಖಲಾದವು. ಮೇಲ್ವಿಚಾರಕರು ಹೆದರಿ 15–1 ಮತಗಳಿಂದ ಮಾಸ್ಕ್ ಕಾನೂನು ಮರುಜಾರಿ ಮಾಡಿದರು. ಜನವರಿ 17ರಿಂದ ಮುಖದ ಮೇಲೆ ಮತ್ತೆ ಬಟ್ಟೆ. ಮಂಡಳಿಯ ಮತ ಮೂರು ವಾರದಲ್ಲಿ ತಿರುಗಿತ್ತು, ಬೀದಿಯ ಮತ ತಿರುಗಿರಲಿಲ್ಲ.

ಆಗ ಹುಟ್ಟಿದ್ದು ಮಾಸ್ಕ್ ವಿರೋಧಿ ಸಂಘ, ಆ್ಯಂಟಿ-ಮಾಸ್ಕ್ ಲೀಗ್. ಅಧ್ಯಕ್ಷೆ ಶ್ರೀಮತಿ ಇ. ಸಿ. ಹ್ಯಾರಿಂಗ್ಟನ್, ವಕೀಲೆ, ಮಹಿಳಾ ಮತದಾನದ ಹಕ್ಕಿಗಾಗಿ ದುಡಿದವರು, ಮೇಯರ್ ರಾಲ್ಫ್ ಅವರ ರಾಜಕೀಯ ವಿರೋಧಿ. ಈ ಮೂರೂ ಗುರುತುಗಳನ್ನು ಒಟ್ಟಿಗೆ ನೋಡಬೇಕು, ಮಾಸ್ಕ್ ವಿರೋಧಿಗಳೆಂದರೆ ಓದುಬರಹ ಇಲ್ಲದವರು ಎಂಬ ಚಿತ್ರ ಇಲ್ಲಿ ಹೊಂದುವುದಿಲ್ಲ. ಜನವರಿ 25ರಂದು ಡ್ರೀಮ್‌ಲ್ಯಾಂಡ್ ರಿಂಕ್ ಎಂಬ ಸ್ಕೇಟಿಂಗ್ ಅಂಗಳದಲ್ಲಿ ಸಭೆ ಸೇರಿತು. ಬಂದವರು 2,000ಕ್ಕೂ ಹೆಚ್ಚು. ಒಳಗೇ ಎರಡು ಗುಂಪು: ಕಾನೂನು ರದ್ದಾದರೆ ಸಾಕು ಎನ್ನುವವರು, ಹ್ಯಾಸ್ಲರ್ ಅವರನ್ನೇ ಮನೆಗೆ ಕಳಿಸಬೇಕು ಎನ್ನುವವರು. ಎರಡು ದಿನದ ಮೇಲೆ ಮನವಿಪತ್ರ ಮೇಲ್ವಿಚಾರಕರ ಮುಂದೆ ಬಂತು.

ಸಂಘದವರ ವಾದದಲ್ಲಿ ಎರಡು ಎಳೆ. ಮುಖ ಮುಚ್ಚೆಂದು ಬಲವಂತ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು ಒಂದು. ಮಾಸ್ಕ್ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿ ಎಂಬುದು ಇನ್ನೊಂದು. ಎರಡನೆಯದಕ್ಕೆ ನಗರದ ಬಳಿ ಉತ್ತರ ಇರಲಿಲ್ಲ. ‘ಸ್ವಲ್ಪ ತಡೆಯುತ್ತದೆ, ಕೆಮ್ಮುವವನು ಹಾಕಿದರೆ ಹೆಚ್ಚು ತಡೆಯುತ್ತದೆ’ ಎಂದು ಅಕ್ಟೋಬರಿನಲ್ಲಿ ಹೇಳಿದ್ದರೆ ಜನವರಿಯಲ್ಲೂ ಅದೇ ಮಾತಿಗೆ ನಿಲ್ಲಬಹುದಿತ್ತು. ಶೇ. 99 ಎಂದ ಮೇಲೆ, ಮಾಸ್ಕ್ ಹಾಕಿಯೂ ಹಾಸಿಗೆ ಹಿಡಿದ ಪ್ರತಿ ನೆರೆಯವನೂ ನಗರದ ವಿರುದ್ಧ ಸಾಕ್ಷಿಯಾದ.

ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡಿನ ಮೇಯರ್ ಜಾನ್ ಡೇವಿ ಅವರನ್ನು ಅದೇ ಜನವರಿಯಲ್ಲಿ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಮಾಸ್ಕ್ ಇಲ್ಲದ್ದಕ್ಕೆ ಪೊಲೀಸರು ಹಿಡಿದರು. ಕೂತದ್ದು ಹೋಟೆಲಿನ ಪಡಸಾಲೆಯಲ್ಲಿ, ಬಾಯಲ್ಲಿ ಚುಟ್ಟಾ. ಒಂದು ಊರಿನ ಕಾನೂನು ಇನ್ನೊಂದು ಊರಿನ ಮೇಯರ್‌ಗೇ ನುಂಗಲಾಗದ ತುತ್ತಾಗಿತ್ತು.

ಫೆಬ್ರವರಿ 1ರಂದು ಆದೇಶ ತೆಗೆದರು. ಎರಡನೆಯ ಬಾರಿಯ ಆಯುಸ್ಸು ಎರಡು ವಾರ.

ಬಟ್ಟೆಯ ಪರೀಕ್ಷೆ

ಲೆಕ್ಕ ಹಾಕುವ ಹೊತ್ತಿಗೆ ನಗರದಲ್ಲಿ ಸುಮಾರು 45,000 ಪ್ರಕರಣ, 3,000ಕ್ಕೂ ಹೆಚ್ಚು ಸಾವು. ಹೆಚ್ಚುವರಿ ಸಾವಿನ ದರ, ಎಂದರೆ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು, 1 ಲಕ್ಷಕ್ಕೆ 673 ಎಂದು ನಂತರದ ಅಧ್ಯಯನ ಹೇಳುತ್ತದೆ. ಮಾಸ್ಕ್ ಕಡ್ಡಾಯ ಮಾಡದ ಲಾಸ್ ಏಂಜಲಿಸ್‌ನಲ್ಲಿ ಅದು 494. ಈ ಎರಡು ಅಂಕಿ ಇಟ್ಟುಕೊಂಡು ಮಾಸ್ಕ್ ನಿರುಪಯೋಗಿ ಎಂದು ತೀರ್ಮಾನಿಸುವುದು ಇಂದಿಗೂ ನಡೆಯುವ ತಪ್ಪು. ಲಾಸ್ ಏಂಜಲಿಸ್ ಜನಜಂಗುಳಿಯ ಸ್ಥಳಗಳನ್ನು ಅಕ್ಟೋಬರ್ 11ಕ್ಕೇ ಮುಚ್ಚಿತ್ತು, ಸ್ಯಾನ್ ಫ್ರಾನ್ಸಿಸ್ಕೊಗಿಂತ ಒಂದು ವಾರ ಮೊದಲು. ಮುಚ್ಚಿಟ್ಟ ಅವಧಿಯೂ ದೊಡ್ಡದು. ಪ್ರಕರಣಗಳು ವಾರಕ್ಕೆ ಹತ್ತು ಪಟ್ಟು ಏರುವಾಗ ಒಂದು ವಾರದ ಬೆಲೆ ಎಷ್ಟೆಂದು ಮೇಲಿನ 169 ಮತ್ತು 2,000ದ ಅಂತರವೇ ಹೇಳುತ್ತದೆ. ಈ ಅಂಕಿಗಳಿಂದ ಮಾಸ್ಕಿನ ಪಾಲನ್ನು ಬೇರೆ ಮಾಡಿ ತೆಗೆಯಲು ಬರುವುದಿಲ್ಲ.

ಬೇರೆ ಮಾಡಿ ನೋಡಲು ಹೊರಟವರು ಕ್ಯಾಲಿಫೋರ್ನಿಯಾ ರಾಜ್ಯ ಆರೋಗ್ಯ ಮಂಡಳಿಯ ಡಾ. ವಿಲ್‌ಫ್ರೆಡ್ ಕೆಲಾಗ್. ಮೊದಲು ಊರುಗಳನ್ನು ಹೋಲಿಸಿದರು: ಮಾಸ್ಕ್ ಕಡ್ಡಾಯವಿದ್ದ ಸ್ಟಾಕ್‌ಟನ್, ಕಡ್ಡಾಯವಿಲ್ಲದ ಬಾಸ್ಟನ್. ಎರಡರ ಸಾವಿನ ರೇಖೆಯೂ ಹೆಚ್ಚುಕಡಿಮೆ ಒಂದೇ ಆಕಾರ. ಆಮೇಲೆ ಮ್ಯಾಕ್‌ಮಿಲನ್ ಎಂಬ ಸಹೋದ್ಯೋಗಿಯೊಡನೆ ಪ್ರಯೋಗಾಲಯಕ್ಕೆ ಹೋದರು, ಫಲಿತಾಂಶ 1920ರಲ್ಲಿ ಪ್ರಕಟವಾಯಿತು. ಕೆಂಪು ಬಣ್ಣದ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ಸಿಂಪಡಿಸುವುದು, ಮಧ್ಯೆ ಮಾಸ್ಕ್ ಹಿಡಿಯುವುದು, ಆಚೆ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆ ಇಡುವುದು. ಬಟ್ಟೆ ದಾಟಿದ ಪ್ರತಿ ಹನಿಯೂ ತಟ್ಟೆಯ ಮೇಲೆ ಕೆಂಪು ಚುಕ್ಕೆಯಾಗಿ ಬೆಳೆಯುತ್ತದೆ, ಎಣಿಸಿದರಾಯಿತು. ರೋಗದ ಮೂಲ ವೈರಸ್ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಬೇರ್ಪಡಿಸಿದ್ದು 1933ರಲ್ಲಿ. ಆದರೆ ಬಟ್ಟೆ ಹಿಡಿಯಬೇಕಾದದ್ದು ಹನಿಯನ್ನು, ಹಾಗಾಗಿ ಪ್ರಯೋಗದ ಬೆಲೆ ಉಳಿದೇ ಇದೆ.

ಅವರು ಕಂಡದ್ದು ಹೀಗೆ. ಜಾಳು ಬಟ್ಟೆ ಕೆಲವು ಹನಿಗಳನ್ನು ತಡೆಯುತ್ತದೆ, ಪದರ ಹೆಚ್ಚಿಸಿ ಕಣ್ಣು ಸಣ್ಣದು ಮಾಡಿದಷ್ಟೂ ಹೆಚ್ಚು ತಡೆಯುತ್ತದೆ. ಆದರೆ ನಿಜಕ್ಕೂ ಉಪಯೋಗ ಬರುವಷ್ಟು ದಟ್ಟ ಮಾಡಿದರೆ ಉಸಿರಾಟ ಕಷ್ಟ. ಉಸಿರು ಬಟ್ಟೆಯನ್ನು ದಾಟಲಾರದೆ ಅಂಚಿನಿಂದ ನುಸುಳುತ್ತದೆ. ಆ ಸೋರಿಕೆಯನ್ನೂ ಸೇರಿಸಿದರೆ ಒಳಹೋಗುವ ಸೋಂಕು ಹೆಚ್ಚೆಂದರೆ ಶೇ. 50ರಷ್ಟು ತಗ್ಗೀತು. ಕಡ್ಡಾಯ ಮಾಡುವಷ್ಟು ಪರಿಣಾಮ ಸಿದ್ಧವಾಗಿಲ್ಲ ಎಂದು ಅವರು ಬರೆದರು. ತಂತಿಯಿಲ್ಲದ, ನೆರಿಗೆಯಿಲ್ಲದ ಆ 8x4 ಇಂಚಿನ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಫಲ ಬರುವುದು ಕಷ್ಟವಿತ್ತು. ಈಗಿನ ಎನ್95 ಮಾಸ್ಕಿಗೆ ಈ ತೀರ್ಮಾನವನ್ನು ಅಂಟಿಸಲು ಬರುವುದಿಲ್ಲ. ಅದರ ಪದರ ಬೇರೆ, ಅದು ಮುಖಕ್ಕೆ ಕೂರುವ ಬಗೆ ಬೇರೆ.

ಪ್ರಯೋಗಕ್ಕಿಂತ ಬೆಲೆಯುಳ್ಳದ್ದು ಬೀದಿಯಲ್ಲಿ ಮಾಸ್ಕ್ ಏಕೆ ಸೋತಿತು ಎಂಬುದಕ್ಕೆ ಅವರು ಕೊಟ್ಟ ಕಾರಣಗಳು. ಮಾಸ್ಕ್ ತಯಾರಿ ಸರಿಯಿರಲಿಲ್ಲ. ಅಳತೆ ಚಿಕ್ಕದಾಗಿ ಬಾಯಿ ಮಾತ್ರ ಅಥವಾ ಮೂಗು ಮಾತ್ರ ಮುಚ್ಚುತ್ತಿತ್ತು. ಹಾಕಿಕೊಂಡೇ ಸೇದುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಬೇಡದ ಕಡೆ ಹಾಕುತ್ತಿದ್ದರು: ಬೀದಿಯಲ್ಲಿ, ಕಾರಿನಲ್ಲಿ, ಹಾಕದಿದ್ದರೆ ಹಿಡಿಯುತ್ತಾರೆಂಬ ಕಡೆ. ಪೊಲೀಸರ ಕಣ್ಣು ತಪ್ಪಿದ ಕೂಡಲೇ, ಖಾಸಗಿ ಕಚೇರಿಯಲ್ಲಿ, ಸಣ್ಣಪುಟ್ಟ ಕೂಟಗಳಲ್ಲಿ, ತೆಗೆದಿಡುತ್ತಿದ್ದರು. ಪಾಲಿಕೆಯ ಮಾರ್ಷಲ್ ಕಂಡಾಗ ಗದ್ದದಿಂದ ಮೂಗಿಗೆ ಏರುತ್ತಿದ್ದ ಮಾಸ್ಕನ್ನು 2020ರಲ್ಲಿ ನೋಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಷೌರದಂಗಡಿಯಿಂದ, ಬ್ಯಾಂಕಿನ ಕೌಂಟರಿನಿಂದ ಶುರುವಾದ ಹ್ಯಾಸ್ಲರ್ ಅವರ ಮೊದಲ ಕ್ರಮ ಈ ದೋಷಕ್ಕೆ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಅಲ್ಲಿ ಹಾಕುವವನಿಗೂ ನೋಡುವವನಿಗೂ ಏಕೆ ಎಂಬುದು ಕಣ್ಣೆದುರೇ ಇತ್ತು.

ಸಂಘದ ಸಿಟ್ಟು ಮತಪೆಟ್ಟಿಗೆಯವರೆಗೆ ನಡೆಯಲಿಲ್ಲ. 1919ರ ಚುನಾವಣೆಯಲ್ಲಿ ರಾಲ್ಫ್ ಮತ್ತೆ ಗೆದ್ದರು. 1931ರವರೆಗೆ ಅವರೇ ಮೇಯರ್, ಆಮೇಲೆ ಕ್ಯಾಲಿಫೋರ್ನಿಯಾದ ಗವರ್ನರ್. ಮುಖದ ಬಟ್ಟೆಯನ್ನು ಕಾಲಲ್ಲಿ ಹೊಸಕಿದ ಊರು ಅದನ್ನು ಕಟ್ಟಿಸಿದವನಿಗೆ ಇನ್ನೂ ಮೂರು ಬಾರಿ ಮತ ಹಾಕಿತು.